ವಾಸನೆ ಇಲ್ಲ, ಬೆಳಕು ಇಲ್ಲ

ಮೂರನೆಯ ಸಲ ಕೈ ತೊಳೆದು ಬಂದು ಕೂತರೂ ಅನ್ನದ ತುತ್ತು ಬಾಯಿಯ ಹತ್ತಿರ ಬಂದಾಗ ಅದೇ ವಾಸನೆ. ಅಣ್ಣಯ್ಯ ತುತ್ತನ್ನು ಡಬ್ಬಿಗೇ ಇಳಿಸಿ ಬೆರಳುಗಳನ್ನು ಮೂಗಿಗೆ ಹಿಡಿದ. ಹುರುಳಿ ಸಾರು, ಅದರಡಿಯಲ್ಲಿ ಸಾಬೂನು, ಸಾಬೂನಿನ ಅಡಿಯಲ್ಲಿ ತಣ್ಣಗೆ ಕರ್ಪೂರ. ಬೆಳಿಗ್ಗೆ ಕಂಟೇನರಿನ ಮುಂದೆ ಪೂಜೆ ಮಾಡಿದವನ ಕೈಯಲ್ಲಿ ಕರ್ಪೂರದ ವಾಸನೆ ಇರದೆ ಇನ್ನೇನು ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಸಮಾಧಾನ ಪೂರ್ತಿಯಾಗುವ ಮೊದಲೇ, ಹಿಂದಿನಿಂದ ಯಾರೋ ಬಂದು ಹೆಗಲು ಮುಟ್ಟಿದ ಹಾಗೆ, ಪೊಟ್ಟಣದ ನೆನಪಾಯಿತು. ಹೊಸ ಪೊಟ್ಟಣ. ಅದರಿಂದ ಎರಡೇ ಬಿಲ್ಲೆ ತೆಗೆದು ಹಚ್ಚಿದ್ದ. ಉಳಿದದ್ದು ಎಲ್ಲಿ?

ಅಂಗಿಯ ಜೇಬು ನೋಡಿದ. ಪ್ಯಾಂಟಿನ ಎರಡು ಜೇಬನ್ನೂ ಹೊರಗೆ ಎಳೆದು ನೋಡಿದ. ಎದ್ದು ಹೋಗಿ ತೂಕದ ಯಂತ್ರದ ಮೇಲಿನ ದೇವರ ಪಟದ ಹಿಂದೆ ಕೈ ಹಾಕಿದ. ಊದುಬತ್ತಿಯ ಬೂದಿ, ಒಣಗಿದ ಚೆಂಡುಹೂ, ಒಂದು ಬೆಂಕಿಪೊಟ್ಟಣ. ಗೋಡೌನಿನಲ್ಲಿ ಊಟದ ಹೊತ್ತಿನ ನಿಶ್ಶಬ್ದವಿತ್ತು; ಯಂತ್ರಗಳು ನಿಂತಾಗ ಕಾಫಿ ಬೀಜದ ಧೂಳು ಇಳಿಯುವುದು ಕಿವಿಗೆ ಕೇಳುತ್ತದೆ ಎಂದು ಅವನಿಗೆ ಯಾವಾಗಲೂ ಅನ್ನಿಸುತ್ತಿತ್ತು. ಸಕಲೇಶಪುರದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ ಅವನು ಮೂವತ್ತೊಂದು ವರ್ಷ ಕಳೆದಿದ್ದ. ಸುತ್ತಲಿನ ತೋಟಗಳಿಂದ ಒಣಗಿ ಬಂದ ಕಾಫಿ ಇಲ್ಲಿ ಸಿಪ್ಪೆ ಕಳಚಿ, ಜರಡಿಯಲ್ಲಿ ಬೇರೆ ಬೇರೆಯಾಗಿ, ಹೆಂಗಸರ ಕೈಯಲ್ಲಿ ಆರಿಸಿಕೊಂಡು, ಅರವತ್ತು ಕಿಲೋದ ಗೋಣಿಗಳಲ್ಲಿ ಹೊಲಿಸಿಕೊಂಡು, ಮಂಗಳೂರಿನ ಬಂದರಿನಿಂದ ಇಟಲಿಗೂ ಜರ್ಮನಿಗೂ ಹೋಗುತ್ತಿತ್ತು. ಒಂದು ಕಂಟೇನರಿಗೆ ಮುನ್ನೂರ ಇಪ್ಪತ್ತು ಚೀಲ. ಕಾಫಿ ಬೀಜ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಕುಡಿದುಬಿಡುತ್ತದೆ. ಸೀಮೆಎಣ್ಣೆ, ಈರುಳ್ಳಿ, ಫಿನಾಯಿಲ್, ಯಾವುದೂ ಹತ್ತಿರ ಸುಳಿಯಕೂಡದು. ಅದನ್ನು ಹೊಸಬರಿಗೆ ಹೇಳಿಕೊಡುವುದೂ, ಹೊಸ ಕಂಟೇನರ್ ಬಂದಾಗ ಅದರ ಹೊಟ್ಟೆಯೊಳಗೆ ಹೋಗಿ ಬಾಗಿಲು ಹಾಕಿಸಿಕೊಂಡು ಕತ್ತಲಲ್ಲಿ ಐದು ನಿಮಿಷ ನಿಂತು ಹಿಂದಿನ ಸರಕಿನ ವಾಸನೆ ಉಳಿದಿದೆಯೇ, ಎಲ್ಲಾದರೂ ತೂತಿನಿಂದ ಬೆಳಕು ಬರುತ್ತದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದೂ ಅವನದೇ ಕೆಲಸ. ವಾಸನೆ: ಇಲ್ಲ. ಬೆಳಕು: ಇಲ್ಲ. ಅ. ಸಹಿ. ಸಾವಿರಾರು ಸಲ ಬರೆದಿದ್ದ.

ಬೆಳಗಿನದ್ದನ್ನು ಒಂದೊಂದಾಗಿ ಜೋಡಿಸಿದ. ಮುನ್ನೂರ ಇಪ್ಪತ್ತನೆಯ ಚೀಲ ಒಳಗೆ ಹೋಯಿತು. ಎಡಗಡೆ ಬಾಗಿಲು ಹಾಕಿಯಾಗಿತ್ತು. ಹಿಂದೆಲ್ಲ ಕಂಟೇನರಿನ ಒಳಗೇ ಆರತಿ ಎತ್ತುತ್ತಿದ್ದರು; ಮಾಲೀಕ ದೇವೇಂದ್ರ ತನ್ನ ತಂದೆಯ ಕಾಲ ಮುಗಿದ ಮೇಲೆ ಅದನ್ನು ನಿಲ್ಲಿಸಿ, ಪೂಜೆ ಏನಿದ್ದರೂ ಹೊರಗೆ, ಹತ್ತು ಅಡಿ ದೂರದಲ್ಲಿ ಎಂದು ಗೋಡೆಗೆ ಚೀಟಿ ಅಂಟಿಸಿದ್ದ. ಹುಲಿಯಮ್ಮ ತಟ್ಟೆ ತಂದಳು. ನಿಂಬೆಹಣ್ಣು, ಕುಂಕುಮ, ತೆಂಗಿನಕಾಯಿ. ನೆಲದ ಮೇಲೆ ಎಲೆಯಿಟ್ಟು ಅಣ್ಣಯ್ಯ ಕರ್ಪೂರ ಹಚ್ಚಿದ. ಆಗ ಹಮಾಲಿಗಳಲ್ಲಿ ಒಬ್ಬ, ಕೊನೆಯ ಸಾಲಿನ ಮೇಲೆ ಹೊದಿಸಿದ್ದ ಕಂದು ಕಾಗದ ಜಾರಿದೆ ಎಂದು ಕೂಗಿದ. ಅಣ್ಣಯ್ಯ ಕೈಯಲ್ಲಿದ್ದದ್ದನ್ನು ಹಿಡಿದುಕೊಂಡೇ ಏಣಿ ಹತ್ತಿದ. ಕಾಗದ ಎಳೆಯಲು ಎರಡೂ ಕೈ ಬೇಕಿತ್ತು. ಎರಡೂ ಕೈಯಲ್ಲಿ ಎಳೆದ, ಅಂಚನ್ನು ಚೀಲದ ಅಡಿಗೆ ಸೇರಿಸಿದ, ಇಳಿದ. ಬಾಗಿಲು ಮುಚ್ಚಿತು. ಸೀಲ್ ಟಕ್ಕೆಂದು ಬಿತ್ತು. ಕೈ ಖಾಲಿಯಾಗಿದ್ದದ್ದು ನೆನಪಿತ್ತು. ಖಾಲಿಯಾದ ಗಳಿಗೆ ಮಾತ್ರ ನೆನಪಿರಲಿಲ್ಲ. ಆ ಜಾಗದಲ್ಲಿ ಒಂದು ಬಿಳಿ ತೇಪೆ ಹಾಕಿದಂತಿತ್ತು.

ಡಬ್ಬಿ ಮುಚ್ಚಿ ಅವನು ಬೀಜ ಆರಿಸುವ ಹಾಲಿಗೆ ಹೋದ. ಹೆಂಗಸರು ಊಟ ಮುಗಿಸಿ ಮೇಜಿನ ಸುತ್ತ ಕೂತಿದ್ದರು, ನೀಲಿ ಕೋಟು, ತಲೆಗೆ ಬಲೆಯ ಟೋಪಿ. ಹುಲಿಯಮ್ಮ ಕುಂದೂರಿನ ಕಡೆಯವಳು, ಇಪ್ಪತ್ತೆರಡು ವರ್ಷದಿಂದ ಇಲ್ಲಿ ದಿನಗೂಲಿ. ಗಿಡ್ಡ ಹೆಂಗಸು, ಅವಳ ಸ್ಟೂಲಿನ ಮೇಲೆ ಯಾವಾಗಲೂ ಒಂದು ಮಡಿಸಿದ ಗೋಣಿ ಇರುತ್ತಿತ್ತು, ಮೇಜು ಎಟುಕಲಿ ಎಂದು. ಸಾಧ್ಯವಾದಷ್ಟು ಸಾಮಾನ್ಯ ದನಿಯಲ್ಲಿ ಅವನು ಕರ್ಪೂರದ ಪೊಟ್ಟಣ ತಟ್ಟೆಯಲ್ಲಿತ್ತೇ ಎಂದು ಕೇಳಿದ.

"ನಿಮ್ಮ ಕೈಗೇ ಕೊಟ್ಟೆನಲ್ಲ ಅಣ್ಣಯ್ನೋರೆ. ತಟ್ಟೆ ತೊಳ್ದು ಇಟ್ಟಿವ್ನಿ, ಅದ್ರಾಗೆ ಇರ್ಲಿಲ್ಲ." ಅವಳು ಕಣ್ಣೆತ್ತದೆ ಒಂದು ಕಪ್ಪು ಬೀಜವನ್ನು ಬದಿಗೆ ತಳ್ಳಿದಳು. "ಮನೇಗ್ ತಗೊಂಡೋಗಿ ಭದ್ರಮ್ಮಾರಿಗೆ ಮಂಗಳಾರತಿ ಎತ್ತೋಕೆ ಇಟ್ಕಂಡ್ರೇನೋ ಅನ್ಕಂಡೆ."

ಹೆಂಗಸರೆಲ್ಲ ನಕ್ಕರು. ಅಣ್ಣಯ್ಯನೂ ನಕ್ಕ. ಹೆಂಡತಿಯ ಹೆಸರು ಕೇಳಿದ್ದಕ್ಕೆ ನಗಬೇಕಾದಷ್ಟು ಹೊತ್ತು ನಕ್ಕು ಹೊರಗೆ ಬಂದ.

ಲಾರಿ ಹತ್ತಕ್ಕೆ ಹೊರಟಿತ್ತು. ಈಗ ಒಂದೂಕಾಲು. ಇಷ್ಟು ಹೊತ್ತಿಗೆ ಘಾಟಿ ಇಳಿದು ಬಂಟ್ವಾಳ ದಾಟಿರಬೇಕು. ಬಂದರಿನ ಗೇಟಿನೊಳಗೆ ಹೋದ ಮೇಲೆ ಯಾರೇನೂ ಮಾಡುವ ಹಾಗಿಲ್ಲ. ಆ ಯೋಚನೆಯಲ್ಲಿ ಒಂದು ತಂಪು ಇತ್ತು, ಅವನು ಅದನ್ನು ಗಮನಿಸಿ ಹೇಸಿದ. ಹಡಗು ಅಲ್ಲಿ ಮುಟ್ಟುವುದಕ್ಕೆ ಮೂವತ್ತೈದು ನಲವತ್ತು ದಿನ. ಮುಂದಿನ ತಿಂಗಳ ಮೂವತ್ತಕ್ಕೆ ಅವನಿಗೆ ಐವತ್ತೆಂಟು ತುಂಬಿ ನಿವೃತ್ತಿ. ಹಾರ, ಶಾಲು, ಒಂದು ಗಡಿಯಾರ. ಇಟಲಿಯಿಂದ ಕಾಗದ ಬರುವ ಹೊತ್ತಿಗೆ ಅವನು ಮನೆಯ ಜಗಲಿಯಲ್ಲಿ ಕೂತಿರುತ್ತಾನೆ. ಕಾಗದದ ಜೊತೆ ಫೋಟೋ ಇರುತ್ತದೆ. ಕಂದು ಕಾಗದದ ಅಡಿಯಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಪೊಟ್ಟಣ, ಒಳಗಿನ ಬಿಲ್ಲೆಗಳೆಲ್ಲ ಸಮುದ್ರದ ಬಿಸಿಗೆ ಆವಿಯಾಗಿ ಚೀಲಗಳಿಗೆ ಸೇರಿಹೋಗಿರುವುದು. ದೇವೇಂದ್ರ ಕೇಳುವುದು ಒಂದೇ ಪ್ರಶ್ನೆ: ಪೂಜೆ ಸಾಮಾನು ತರುವವರು ಯಾರು? ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ದಿನಗೂಲಿಯವಳನ್ನು ತೆಗೆಯಲು ಒಂದು ಕಾಗದವೂ ಬೇಡ, ನಾಳೆಯಿಂದ ಬರಬೇಡ ಎಂದರೆ ಸಾಕು.

ಹೀಗಾಗುವುದನ್ನು ಅವನು ಒಮ್ಮೆ ನೋಡಿದ್ದ. ಹನ್ನೊಂದು ವರ್ಷದ ಹಿಂದೆ ಒಂದು ಕಂಟೇನರ್ ಬಂದಾಗ ಅವನು ಒಳಗೆ ಹೋಗಿರಲಿಲ್ಲ. ಅವನಿಗೆ ಆ ಕತ್ತಲು ಆಗುತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಬಾಗಿಲು ಮುಚ್ಚಿ ಹೊರಗಿನ ಸರಳು ಬಿದ್ದ ಕೂಡಲೇ ಉಸಿರು ಗಂಟಲಿಗೆ ಬರುತ್ತಿತ್ತು, ಐದು ನಿಮಿಷ ಎಂದರೆ ನೂರರವರೆಗೆ ಎಣಿಸಿ ಬಾಗಿಲು ಬಡಿಯುತ್ತಿದ್ದ. ಆ ದಿನ ಅದೂ ಆಗದೆ, ಬಾಗಿಲಲ್ಲೇ ನಿಂತು ತಲೆ ಒಳಗೆ ಹಾಕಿ, ಇಲ್ಲ, ಇಲ್ಲ ಎಂದು ಬರೆದ. ಅದಕ್ಕಿಂತ ಮೊದಲು ಆ ಡಬ್ಬದಲ್ಲಿ ಯಾವುದೋ ರಾಸಾಯನಿಕ ಹೋಗಿತ್ತಂತೆ. ನಲವತ್ತು ದಿನದ ಮೇಲೆ, ಕಾಫಿಗೆ ವಾಸನೆ ಹಿಡಿದಿದೆ ಎಂದು ಇಟಲಿಯಿಂದ ಕಾಗದ ಬಂತು. ಚೀಲ ಪೇರಿಸುವ ಮೇಸ್ತ್ರಿ ಪರಮಶಿವಯ್ಯ ಕರೆಂಟು ಹೋದಾಗ ಬೇಕಾಗುತ್ತದೆ ಎಂದು ಶೆಡ್ಡಿನ ಮೂಲೆಯಲ್ಲಿ ಸೀಮೆಎಣ್ಣೆ ಡಬ್ಬಿ ಇಟ್ಟಿದ್ದು ಎಲ್ಲರಿಗೂ ನೆನಪಾಯಿತು. ಪರಮಶಿವಯ್ಯನ ಕೆಲಸ ಹೋಯಿತು. ಹೋಗುವಾಗ ಎಲ್ಲರ ಕೈ ಮುಟ್ಟಿ ಹೋದ. ಹೋದ ವರ್ಷ ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವನು ಬೇಡವೆಂದರೂ ಕೇಳದೆ ಕಾಫಿ ಕುಡಿಸಿದ, ಹೊಸ ಶೆಡ್ ಕಟ್ಟಿದರಂತೆ, ಚೆನ್ನಾಗಿದೆಯಾ ಎಂದು ವಿಚಾರಿಸಿದ. ಆ ಕಾಫಿ ಅಣ್ಣಯ್ಯನ ಗಂಟಲಲ್ಲಿ ಇವತ್ತಿಗೂ ಇಳಿದಿರಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ಲಾರಿಯ ಡ್ರೈವರ್ ಪ್ರವೀಣ.

"ಅಣ್ಣಾ, ಮಾರನಹಳ್ಳೀಲೇ ಬಿದ್ದೀವಿ ಮಾರಾಯ್ರೆ. ಕೆಳಗಡೆ ತಿರುವಲ್ಲಿ ಟ್ಯಾಂಕರ್ ಮಗುಚ್ಕೊಂಡೈತೆ, ಹನ್ನೊಂದರಿಂದ ಒಂದ್ ಗಾಡೀನೂ ಅಲ್ಲಾಡಿಲ್ಲ. ಆಫೀಸಿಗೆ ಹೇಳ್ಬಿಡಿ, ರಾತ್ರಿಗೆ ಬಂದರು ಮುಟ್ತೀನಿ ಅಂತ."

ಫೋನು ಇಟ್ಟ ಮೇಲೆ ಅಣ್ಣಯ್ಯನಿಗೆ ನಿಜವಾದ ಹೆದರಿಕೆ ಆಗ ಶುರುವಾಯಿತು. ಲಾರಿ ಹೋಗಿಬಿಟ್ಟಿದ್ದರೆ ಅದು ಮುಗಿದ ಸಂಗತಿ. ಈಗ ಅದು ಅರ್ಧ ಗಂಟೆಯ ದಾರಿಯಲ್ಲಿ ನಿಂತು ಕಾಯುತ್ತಿತ್ತು.

ಸೀಲಿನ ನಂಬರು ಇನ್ನೊಮ್ಮೆ ನೋಡಿ ಬರಬೇಕು ಎಂದು ಗೇಟಿನಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದ. ಮಾರ್ಚ್ ಕೊನೆಯ ವಾರ. ಹತ್ತು ದಿನದ ಹಿಂದಿನ ಮಳೆಗೆ ತೋಟಗಳೆಲ್ಲ ಒಮ್ಮೆಗೇ ಹೂ ಬಿಟ್ಟಿದ್ದವು. ದೋಣಿಗಾಲ್ ದಾಟುತ್ತಿದ್ದ ಹಾಗೆ ಕಿಟಕಿಯಿಂದ ಕಾಫಿ ಹೂವಿನ ವಾಸನೆ ನುಗ್ಗಿ ಬಸ್ಸಿನ ತುಂಬ ನಿಂತಿತು. ಮುಂದಿನ ಸೀಟಿನ ಹೆಂಗಸು ಆಹಾ ಎಂದು ಕಣ್ಣು ಮುಚ್ಚಿದಳು. ಅಣ್ಣಯ್ಯ ಕೈಗಳೆರಡನ್ನೂ ತೊಡೆಯ ಅಡಿಗೆ ಇಟ್ಟುಕೊಂಡು ಕೂತಿದ್ದ. ಪೊಟ್ಟಣ ಒಳಗಿಲ್ಲದೆಯೂ ಇರಬಹುದು. ಏಣಿಯಿಂದ ಇಳಿಯುವಾಗ ಕೆಳಗೆ ಬಿದ್ದು, ಕಸ ಗುಡಿಸುವವರು ಎತ್ತಿಕೊಂಡಿರಬಹುದು. ಇಲ್ಲದ ಪೊಟ್ಟಣಕ್ಕಾಗಿ ಸೀಲ್ ಮುರಿಸಿ, ಕಾಗದಪತ್ರವೆಲ್ಲ ಬದಲಾಯಿಸಬೇಕಾಗಿ ಬಂದು, ಹಡಗು ತಪ್ಪಿ, ಮೂವತ್ತೊಂದು ವರ್ಷದ ಕೊನೆಗೆ ಮುದುಕನಿಗೆ ತಲೆ ಕೆಟ್ಟಿದೆ ಎನ್ನಿಸಿಕೊಳ್ಳುವುದು. ಮೊನ್ನೆ ತಾನೇ ದೇವೇಂದ್ರ ಹೊರಗಿನಿಂದ ಬಂದ ಯಾರೋ ತಜ್ಞನ ಮುಂದೆ ಅವನ ಮೂಗಿಗೆ ಐದು ಸಣ್ಣ ಸೀಸೆ ಹಿಡಿಸಿದ್ದ. ನಾಲ್ಕನ್ನು ಸರಿಯಾಗಿ ಹೇಳಿದ. ಐದನೆಯದು ಏಲಕ್ಕಿ ಎಂದ. ಅದು ಬರಿಯ ನೀರು. ತಜ್ಞ, ಪಾಪ, ವಯಸ್ಸಾದ ಮೇಲೆ ಹಾಗೇ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಅವನಿಗೆ ಅರ್ಥವಾಗಿತ್ತು.

ಬಸ್ಸು ಮಾರನಹಳ್ಳಿಗೆ ಒಂದು ಕಿಲೋಮೀಟರ್ ಇರುವಾಗಲೇ ನಿಂತುಬಿಟ್ಟಿತು. ಇಳಿದು ಲಾರಿಗಳ ಪಕ್ಕದಲ್ಲಿ ನಡೆದ. ಒಂದರ ಹಿಂದೊಂದು ಕಂಟೇನರುಗಳು, ಕೆಂಪು, ನೀಲಿ, ಬೂದು, ಎಲ್ಲವಕ್ಕೂ ಬೀಗ. ಯಾವುದರೊಳಗೆ ಏನಿದೆ ಎಂದು ಹೊರಗೆ ನಿಂತವರಿಗೆ ತಿಳಿಯುವ ಹಾಗಿರಲಿಲ್ಲ. ಡ್ರೈವರುಗಳು ನೆರಳಲ್ಲಿ ಮಲಗಿದ್ದರು. ಪ್ರವೀಣ ಹೋಟೆಲಿನ ಎದುರಿನ ಬಯಲ ಅಂಚಿನಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಒರಗಿ ಕಡಲೆಕಾಯಿ ತಿನ್ನುತ್ತಿದ್ದ.

ಅಣ್ಣಯ್ಯ ಮಾತಾಡದೆ ನೇರ ಹಿಂದಕ್ಕೆ ಹೋಗಿ ಬಾಗಿಲ ರಬ್ಬರಿಗೆ ಮೂಗು ಹಚ್ಚಿದ. ಬಿಸಿಲಿಗೆ ಕಾದ ರಬ್ಬರು, ಬಣ್ಣ, ಹೂವು. ಆಮೇಲೆ ಕರ್ಪೂರ. ಹಿಂದೆ ಸರಿದು ಕೈ ನೋಡಿಕೊಂಡ. ಕೈ ಬಾಗಿಲ ಮೇಲಿತ್ತು. ಪ್ರವೀಣನ ಸಾಬೂನು ಕೇಳಿ ಪಡೆದು, ಹೋಟೆಲಿನ ಡ್ರಮ್ಮಿನ ನೀರಲ್ಲಿ ಮೊಣಕೈವರೆಗೆ ಉಜ್ಜಿ, ಕೈ ಬೆನ್ನಿಗೆ ಕಟ್ಟಿಕೊಂಡು ಬಂದು ಮತ್ತೆ ಮೂಸಿದ. ಇದೆ. ಎರಡು ಹೆಜ್ಜೆ ಆಚೆ ಹೋಗಿ ಬರಿಯ ಗಾಳಿಯನ್ನು ಮೂಸಿದ. ಅಲ್ಲೂ ಇದೆ. ಏನೂ ಇಲ್ಲದ ನೀರಿನಲ್ಲಿ ಏಲಕ್ಕಿ ಕಂಡ ಮೂಗು ಇದು.

ಪ್ರವೀಣನನ್ನು ಕರೆದು ಮೂಸಿ ನೋಡು ಎಂದ. ಪ್ರವೀಣ ಅವನ ಮುಖವನ್ನೊಮ್ಮೆ ನೋಡಿ, ಬಗ್ಗಿ, ಶ್ರದ್ಧೆಯಿಂದ ಎರಡು ಸಲ ಉಸಿರೆಳೆದ. "ಏನೂ ಇಲ್ಲ ಕಣಣ್ಣಾ. ನನ್ನ ಮೂಗಿಗೆ ಡೀಸೆಲ್ ಬಿಟ್ರೆ ಹೆಂಡ್ತಿ ಮೀನು ಹುರ್ದಿದ್ದು ಮಾತ್ರ ಗೊತ್ತಾಗೋದು." ಆಮೇಲೆ ದನಿ ತಗ್ಗಿಸಿ, ಸೀಲ್ ಕಡೆ ಮಾತ್ರ ಕೈ ಹಾಕಬೇಡಿ, ಅದು ಮುರಿದರೆ ನನ್ನ ಕೆಲಸವೂ ಹೋಗುತ್ತದೆ ಎಂದ. ಅಣ್ಣಯ್ಯನಿಗೆ ತನ್ನ ಕೈ ಅದಾಗಲೇ ಸೀಲಿನ ಮೇಲಿರುವುದು ಆಗ ಗೊತ್ತಾಯಿತು.

ಮುಂದೆ ಎಲ್ಲೋ ಒಂದು ಇಂಜಿನ್ ಗುರ್ರೆಂದಿತು. ಅದರ ಹಿಂದೆ ಇನ್ನೊಂದು. ಮಲಗಿದ್ದವರು ಎದ್ದು ಚಪ್ಪಲಿ ಹುಡುಕಿದರು. ಟ್ಯಾಂಕರನ್ನು ಬದಿಗೆ ಎಳೆದರಂತೆ ಎಂದು ಒಬ್ಬ ಕೂಗಿಕೊಂಡು ಹೋದ. ಪ್ರವೀಣ ಕಡಲೆ ಸಿಪ್ಪೆ ಕೊಡವಿ ಕ್ಯಾಬಿನ್ನಿಗೆ ಹತ್ತಿದ. ಸದ್ದು ಸಾಲಾಗಿ ಹತ್ತಿರ ಬರುತ್ತಿತ್ತು. ಅಣ್ಣಯ್ಯ ಲಾರಿಯ ಮೂತಿಯ ಎದುರಿಗೆ ಹೋಗಿ ನಿಂತ. ಪ್ರವೀಣ ಒಳಗಿನಿಂದ ಕೈಸನ್ನೆಯಲ್ಲೇ ಏನು ಎಂದು ಕೇಳಿದ. ಅಣ್ಣಯ್ಯ ಒಂದು ಬೆರಳು ಎತ್ತಿ ತಾಳು ಎಂದು ತೋರಿಸಿ ದೇವೇಂದ್ರನಿಗೆ ಫೋನು ಹಚ್ಚಿದ.

ಹೇಳಿದ. ಕಂಟೇನರಿನೊಳಗೆ ಕರ್ಪೂರದ ಪೊಟ್ಟಣ ಉಳಿದಿದೆ, ಬಲಗಡೆ ಮೇಲಿನ ಸಾಲು, ಕಾಗದದ ಅಡಿ. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು.

"ಯಾರು ಇಟ್ಟಿದ್ದು ಅಣ್ಣಯ್ಯ?"

ದೇವೇಂದ್ರ ಕೂಗಿದ್ದರೆ ಅವನು ಸರಿಯಾಗಿ ಹೇಳುತ್ತಿದ್ದನೋ ಏನೋ. ಆ ದನಿ ತಣ್ಣಗಿತ್ತು. ಬಾಗಿಲು ಮುಚ್ಚಿ ಹೊರಗಿನ ಸರಳು ಬಿದ್ದ ಹಾಗಾಯಿತು. ಉಸಿರು ಗಂಟಲಿಗೆ ಬಂತು, ಅದರ ಜೊತೆ ಒಂದು ವಾಕ್ಯವೂ ಬಂತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಪೂಜೆ ಸಾಮಾನು ತರೋದು ಹುಲಿಯಮ್ಮ ಸಾರ್."

"ಸರಿ. ಅವಳನ್ನ ನಾನು ನೋಡ್ಕೋತೀನಿ. ನೀವು ಲಾರಿ ತಿರುಗಿಸಿ."

ವಾಪಸು ಬರುವಾಗ ಪ್ರವೀಣ ಏನೇನೋ ಹೇಳುತ್ತಿದ್ದ. ಒಳ್ಳೆಯದಾಯಿತು ನೀವು ಬಂದದ್ದು, ಬೇರೆಯವರಾದರೆ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದರು. ಅಣ್ಣಯ್ಯ ದೇವೇಂದ್ರನಿಗೆ ಫೋನು ಒತ್ತುತ್ತಲೇ ಇದ್ದ. ಮೊದಲು ಸಿಗ್ನಲ್ ಇರಲಿಲ್ಲ. ಸಿಗ್ನಲ್ ಬಂದಾಗ ಅವರು ಬೇರೆ ಕರೆಯಲ್ಲಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಊಟದ ಹೊತ್ತಿನಿಂದ ಅವನು ಹೆದರಿದ್ದು ತಾನು ಸುಮ್ಮನಿದ್ದರೆ ಏನಾಗುತ್ತದೆ ಎಂದು. ಈಗ ಮಾತಾಡಿಯೂ ಅದೇ ಆಗಿತ್ತು, ನಲವತ್ತು ದಿನ ಕಾಯುವ ಕೆಲಸ ಮಾತ್ರ ತಪ್ಪಿತ್ತು. ಅವಳನ್ನು ನೋಡಿಕೊಳ್ಳುವುದು ಎಂದರೆ ಇಷ್ಟು ಹೊತ್ತಿಗೆ ನೋಡಿ ಮುಗಿದಿರುತ್ತದೆ. ಅವಳು ಏನು ಹೇಳಿರಬಹುದು? ಅಣ್ಣಯ್ನೋರ ಕೈಗೇ ಕೊಟ್ಟೆ ಎಂದಿರಬಹುದು. ಹಾಗೆ ಅಂದಿರಲಿ ಎಂದು ಅವನು ಬೇಡಿಕೊಂಡ. ಅಂದಿದ್ದರೆ ಏನು ಗತಿ ಎಂದು ಮರುಗಳಿಗೆಯೇ ಬೆವತ. ದೋಣಿಗಾಲಿನ ಹತ್ತಿರ ಹೂವಿನ ವಾಸನೆ ಮತ್ತೆ ಬಂತು. ಅವನು ಗಾಜು ಏರಿಸಿದ.

ಗೇಟಿನೊಳಗೆ ಹೋದಾಗ ಮೂರೂವರೆ. ಹುಲಿಯಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದಳು. ನೀಲಿ ಕೋಟನ್ನೂ ಟೋಪಿಯನ್ನೂ ಅಚ್ಚುಕಟ್ಟಾಗಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು. ವಾಪಸು ಕೊಡುವಾಗ ಮಡಿಸಿಯೇ ಕೊಡಬೇಕು ಎಂದು ಯಾರಾದರೂ ಹೇಳಿದ್ದಾರೆ ಎಂಬಂತೆ. ಅವಳು ಅವನ ಕಡೆ ನೋಡಿದಳು. ಬೈದಿದ್ದರೆ ಆಗುತ್ತಿತ್ತು. ಪರಮಶಿವಯ್ಯ ಕಾಫಿ ಲೋಟ ಮುಂದಕ್ಕೆ ತಳ್ಳಿ ಕುಡಿಯಿರಿ ಎಂದಾಗ ಹೇಗೆ ನೋಡಿದ್ದನೋ ಹಾಗೆ ನೋಡಿದಳು.

ದೇವೇಂದ್ರನ ಎದುರಿಗೇ ಸೀಲ್ ಕತ್ತರಿಸಿದರು. ಒಬ್ಬ ಹಮಾಲಿ ಏಣಿ ಹತ್ತಿ ಕಂದು ಕಾಗದ ಸರಿಸಿ ಕೈ ತೂರಿಸಿದ. ಪೊಟ್ಟಣ ಅಲ್ಲೇ ಇತ್ತು. ಕೆಳಗೆ ಕೊಟ್ಟದ್ದನ್ನು ದೇವೇಂದ್ರ ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿದ, ಒಂದು ಸತ್ತ ಜಿರಲೆಯನ್ನು ನೋಡುವ ಹಾಗೆ. ಅಣ್ಣಯ್ಯನಿಗೆ ಮೊದಲು ಆದದ್ದು ಸಂತೋಷ. ಮೂಗು ಸುಳ್ಳು ಹೇಳಿರಲಿಲ್ಲ. ಆಮೇಲೆ ಅವನು ಚೀಲದ ಸಾಲನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಮೇಲಿನ ಚೀಲ ಲಾರಿಯ ಹಲಗೆಯ ಮೇಲಿಂದಲೂ ಏಳಡಿ ಎತ್ತರದಲ್ಲಿತ್ತು. ಮೆಟ್ಟಿಲ ಮೇಲೆ ಕೂತಿರುವವಳು ಕೂರುವ ಸ್ಟೂಲಿಗೂ ಗೋಣಿ ಹಾಕಿಕೊಳ್ಳುವವಳು. ಸುತ್ತ ಹದಿನೈದು ಜನ ನಿಂತಿದ್ದರು. ಅಳೆದು ನೋಡುವ ಕಣ್ಣು ಅಲ್ಲಿ ಯಾರಿಗೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಅದ್ನ ಇಟ್ಟಿದ್ದು ನಾನು ಸಾರ್," ಎಂದ. ತನ್ನ ದನಿ ಇಷ್ಟು ಸಣ್ಣದಾಗಿ ಬರುತ್ತದೆ ಎಂದುಕೊಂಡಿರಲಿಲ್ಲ. "ಕಾಗ್ದ ಎಳಿಯೋವಾಗ ಇಟ್ಟೆ. ಹುಲಿಯಮ್ಮನ ಕೈ ಅಲ್ಲಿಗೆ ಎಟಕಾಕಿಲ್ಲ."

"ಮತ್ತೆ ಫೋನಲ್ಲಿ?"

"ಹೆದರಿದ್ದೆ."

ದೇವೇಂದ್ರ ಪೊಟ್ಟಣವನ್ನು ಅಣ್ಣಯ್ಯನ ಅಂಗಿಯ ಜೇಬಿಗೆ ತಾನೇ ಇಳಿಸಿ, ಜೇಬನ್ನು ಮೇಲಿಂದ ಒಮ್ಮೆ ತಟ್ಟಿದ. ಹದಿನೈದು ಜನರ ಎದುರಿಗೆ ಮೂವತ್ತೊಂದು ವರ್ಷದ ಮೇಲೆ ಬಿದ್ದ ಪೆಟ್ಟು ಅದೊಂದೇ, ತೀರ ಹಗುರ. ಆಮೇಲೆ ಅವನು ಬೇರೆಯವರ ಜೊತೆ ಮಾತಾಡಿದ. ಎಲ್ಲ ಚೀಲ ಇಳಿಸಿ, ಮೇಲಿನ ಎರಡು ಸಾಲು ಬೇರೆ ಇಡಿ, ಡಬ್ಬ ಒರೆಸಿ ಗಾಳಿಗೆ ಬಿಡಿ, ಸಂಜೆಯೊಳಗೆ ಮತ್ತೆ ನೋಡಿ ಬರೆಯಿರಿ. ಹುಲಿಯಮ್ಮನಿಗೆ ಕೋಟು ಹಾಕ್ಕೋ ಎಂದಷ್ಟೇ ಹೇಳಿ ಒಳಗೆ ಹೋದ. ಅವಳು ಹಾಕಿಕೊಂಡಳು, ಗುಂಡಿಗಳನ್ನು ಒಂದೊಂದಾಗಿ, ಅವಸರವಿಲ್ಲದೆ.

ಐದೂವರೆಗೆ ಕಂಟೇನರ್ ಖಾಲಿಯಾಗಿ ಬಾಯಿ ತೆರೆದು ನಿಂತಿತ್ತು. ದೇವೇಂದ್ರ ರಿಜಿಸ್ಟರು ಹಿಡಿದು ಬಂದು, ಬೇರೆ ಯಾರ ಹೆಸರನ್ನಾದರೂ ಕರೆಯುತ್ತಾನೆ ಎಂದು ಎಲ್ಲರೂ ಕಾದಿರುವಾಗ, ಅಣ್ಣಯ್ಯನನ್ನೇ ನೋಡಿದ. "ಹೋಗಿ. ಐದು ನಿಮಿಷ. ಇವತ್ತು ಗಡಿಯಾರ ನಾನು ನೋಡ್ತೀನಿ." ಹಾಗಾದರೆ ದೇವೇಂದ್ರನಿಗೆ ಆ ನೂರರ ಎಣಿಕೆ ಗೊತ್ತಿತ್ತು. ಎಷ್ಟು ವರ್ಷದಿಂದ ಗೊತ್ತಿತ್ತೋ. ಅಣ್ಣಯ್ಯ ಪೊಟ್ಟಣವನ್ನು ತೆಗೆದು ಗೇಟಿನ ಆಚೆ ಎಸೆದು, ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಒಳಗೆ ಹತ್ತಿದ. ಹಮಾಲಿಗಳು ಚಹಾಕ್ಕೆ ಹೋಗಿದ್ದರು. ಬಾಗಿಲು ಹಾಕಲು ಬಂದವಳು ಹುಲಿಯಮ್ಮ.

"ಯಾವಾಗ್ಲೂ ನೂರು ಎಣ್ಸೋದ್ರೊಳ್ಗೆ ಬಡೀತಿದ್ರಿ," ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. "ಬಡುದ್ರೆ ತೆಗೀತೀನಿ. ಅವ್ರು ಏನಾರಾ ಅನ್ಲಿ."

ಬಾಗಿಲು ಮುಚ್ಚಿತು. ಸರಳು ಬಿತ್ತು. ಕತ್ತಲು ಕಣ್ಣಿಗೆ ಮುಟ್ಟುವಷ್ಟು ಹತ್ತಿರ ಬಂತು. ಅವನು ಎಣಿಸಿದ. ಇಪ್ಪತ್ತರ ಹೊತ್ತಿಗೆ ಉಸಿರು ಮೇಲೇರಿತು. ಅರವತ್ತರಲ್ಲಿ ಕಾಲಡಿಯ ಹಲಗೆ ಓರೆಯಾದಂತೆ ಅನ್ನಿಸಿ ಗೋಡೆ ಹುಡುಕಿದ, ಗೋಡೆ ಅಂದುಕೊಂಡಲ್ಲಿ ಇರಲಿಲ್ಲ. ತೊಂಬತ್ತು. ಈ ಡಬ್ಬ ಹೀಗೇ ಎತ್ತಿ ಹಡಗಿನ ಮೇಲಿಟ್ಟರೆ ನಲವತ್ತು ದಿನ ಯಾರಿಗೂ ಕೇಳುವುದಿಲ್ಲ. ನೂರು. ಕೈ ತಾನಾಗಿ ಮೇಲೆದ್ದಿತು, ಬಡಿಯಲು. ಏಳುವಾಗ ಮುಖದ ಮುಂದಿನಿಂದ ಹೋಯಿತು, ಕರ್ಪೂರ ಬಂತು. ಅದು ಕೈಯದೋ, ಡಬ್ಬದ್ದೋ, ಇಲ್ಲದ್ದೋ. ನೂರರ ಆಚೆ ಅವನು ಈವರೆಗೆ ಎಂದೂ ಮೂಸಿ ನೋಡಿರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಆ ವಾಸನೆ ಹೇಗಿತ್ತು ಎಂದು ಪರಮಶಿವಯ್ಯನಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಇಟಲಿಯ ಯಾರೋ ಒಬ್ಬನಿಗೆ ಮಾತ್ರ ಗೊತ್ತು. ಎದೆ ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿದ. ಮೂಗನ್ನು ಮುಂದೆ ಚಾಚಿ, ಕಣ್ಣಿಲ್ಲದವನ ಹಾಗೆ, ಆಳದ ಮೂಲೆಯ ಕಡೆಗೆ ಒಂದು ಹೆಜ್ಜೆ ಇಟ್ಟ.

ಹೊರಗಿನಿಂದ ತಗಡಿನ ಮೇಲೆ ಬೆರಳು ಮೆತ್ತಗೆ ಕುಟ್ಟಿತು.

"ಅಣ್ಣಯ್ನೋರೆ, ತೆಗೀಲಾ?"

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅದು ನಿಲ್ಲುವವರೆಗೆ ಕಾಯಲಿಲ್ಲ.

"ಇನ್ನೂ ಬ್ಯಾಡ ಕಣವ್ವ," ಎಂದ.